ಪೀಪ್ ಸೈಟ್ ಹಾಕಿದ ಮೇಲೆ ಗುರಿ ತಪ್ಪುತ್ತಿದೆಯೇ? ನಾಬ್ ಮುಟ್ಟುವ ಮುಂಚೆ ನೋಡಬೇಕಾದ್ದು

ಏರ್ ರೈಫಲ್‌ಗೆ ಹೊಸದಾಗಿ ಪೀಪ್ ಸೈಟ್, ಅಂದರೆ ಸಣ್ಣ ತೂತಿನ ಮೂಲಕ ನೋಡಿ ಗುರಿ ಇಡುವ ಹಿಂದಿನ ಸೈಟ್, ಹಾಕಿಸಿದವರು ಸಾಮಾನ್ಯವಾಗಿ ಹೇಳುವ ದೂರು ಒಂದೇ. ನಾಬ್ ತಿರುಗಿಸಿದರೆ ಈ ಸೈಟ್ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಸರಿಯಬೇಕು. "ನಾಬ್ ಕೊನೆವರೆಗೂ ತಿರುಗಿಸಿದೆ, ಆದರೂ ಪೆಲೆಟ್ ಮೇಲೇ ಬೀಳ್ತಿದೆ. ಸೈಟೇ ಹಾಳು, ಬೇರೆ ತರೋಣ್ವಾ?" ಪುಣೆಯ ಬಾಲೇವಾಡಿ ಕಡೆ ಶೂಟಿಂಗ್ ಕಲಿಯುವ ನಮ್ಮ ಕನ್ನಡದ ಮಕ್ಕಳ ಅಪ್ಪ ಅಮ್ಮಂದಿರು ಇದನ್ನೇ ಕೇಳುತ್ತಾರೆ. ಸಾವಿರಾರು ರೂಪಾಯಿ ಕೊಟ್ಟು ತಂದ ಸೈಟ್ ಅದು. ಅವರ ಆತಂಕ ಸಹಜ.

ಆದರೆ ಹಿಂದಿನ ಸೈಟ್ ನಿಜವಾಗಿ ಕೆಟ್ಟಿರುವುದು ತೀರಾ ಅಪರೂಪ. ದೋಷ ಇರುವುದು ಬೇರೆ ಕಡೆ. ಸೈಟ್ ಕೂತಿರುವ ಜಾಗದಲ್ಲಿ, ನಳಿಗೆಯ ತುದಿಯಲ್ಲಿರುವ ಮುಂದಿನ ಸೈಟಿನ ಎತ್ತರದಲ್ಲಿ, ಅದರೊಳಗೆ ಟಾರ್ಗೆಟ್ ಸುತ್ತ ಕಾಣುವ ರಿಂಗ್‌ನಲ್ಲಿ, ಇಲ್ಲವೇ ನೋಡುವ ಕಣ್ಣಿನಲ್ಲಿ. ಇದೇ ಕ್ರಮದಲ್ಲಿ ಹುಡುಕಿದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ನಾಬ್‌ನಿಂದ ಶುರು ಮಾಡಿದರೆ ವಾರಗಟ್ಟಲೆ ಸುತ್ತುತ್ತಲೇ ಇರುತ್ತೀರಿ.

ಇಲ್ಲಿ ಹೇಳುವುದೆಲ್ಲ 10 ಮೀಟರ್ ಏರ್ ರೈಫಲ್‌ಗೆ, ಅಂದರೆ 4.5 ಮಿ.ಮೀ. ಪೆಲೆಟ್ ಹಾಕುವ ರೈಫಲ್‌ಗೆ. ಕೆಲಸಕ್ಕೆ ಕೂರುವ ಮುಂಚೆ ರೈಫಲ್ ಖಾಲಿ ಇದೆಯೇ ಎಂದು ಕಣ್ಣಾರೆ ನೋಡಿ. ಬೋಲ್ಟ್ ತೆರೆದಿರಲಿ, ಸೇಫ್ಟಿ ಫ್ಲ್ಯಾಗ್ (ರೈಫಲ್ ಖಾಲಿ ಎಂದು ತೋರಿಸಲು ತೂರಿಸುವ ಗುರುತು) ಒಳಗಿರಲಿ, ನಳಿಗೆಯ ಬಾಯಿ ಟಾರ್ಗೆಟ್ ಕಡೆಗೇ ಇರಲಿ. ಫೈರಿಂಗ್ ಲೈನ್ ಮೇಲೆ ಸ್ಪ್ಯಾನರ್ ಹಿಡಿಯುವುದಾದರೆ ರೇಂಜ್ ಆಫೀಸರ್‌ಗೆ ಮೊದಲೇ ಹೇಳಿ.

ಮೊದಲು ಕಾರ್ಡ್ ಏನು ಹೇಳುತ್ತದೆ ನೋಡಿ

ನಿಂತು ಹೊಡೆದು ಸೈಟ್ ಪರೀಕ್ಷಿಸಬೇಡಿ. ನಿಂತಾಗ ದೇಹದ ಅಲುಗಾಟವೂ ಸೇರಿಕೊಳ್ಳುತ್ತದೆ. ಯಾವುದು ಸೈಟಿನ ತಪ್ಪು, ಯಾವುದು ನಿಮ್ಮದು ಎಂದು ಬೇರ್ಪಡಿಸಲು ಆಗುವುದಿಲ್ಲ. ಕೂತು, ಮುಂಗೈ ಕೆಳಗೆ ಮರಳು ಚೀಲ ಇಟ್ಟು, ಒಂದೇ ಡಬ್ಬಿಯ ಪೆಲೆಟ್‌ನಲ್ಲಿ ಐದು ಹೊಡೆಯಿರಿ. ಟಾರ್ಗೆಟ್ ಕಾರ್ಡ್ 80 ಮಿ.ಮೀ. ಚೌಕ ಮಾತ್ರ. ಹೊಸ ಸೈಟಿನ ಮೊದಲ ಪೆಲೆಟ್‌ಗಳು ಅದರ ಆಚೆ ಹೋಗುವುದು ಮಾಮೂಲು. ಹಾಗಾಗಿ ಹಿಂದೆ ಒಂದು ದೊಡ್ಡ ಬಿಳಿ ಹಾಳೆ ಅಂಟಿಸಿ. ಎಲೆಕ್ಟ್ರಾನಿಕ್ ಟಾರ್ಗೆಟ್ ಈ ಕೆಲಸಕ್ಕೆ ಬೇಡ. ಹೊರಗೆ ಹೋದ ಪೆಲೆಟ್ ಎಲ್ಲಿ ಹೋಯಿತೆಂದು ಅದು ತೋರಿಸುವುದಿಲ್ಲ.

ಐದೂ ಒಂದೇ ಕಡೆ ಗುಂಪಾಗಿ ಬಿದ್ದು, ಗುಂಪು ಮಾತ್ರ ನಡುವಿನಿಂದ ದೂರ ಇದ್ದರೆ ಎಲ್ಲ ಬಿಗಿಯಾಗಿದೆ ಎಂದರ್ಥ. ಉಳಿದದ್ದು ಎತ್ತರದ ಲೆಕ್ಕ ಮಾತ್ರ. ಎರಡು ಬೇರೆ ಬೇರೆ ಗುಂಪಾದರೆ ಏನೋ ಸಡಿಲ ಇದೆ, ಅದು ಎರಡು ಜಾಗದ ನಡುವೆ ಜಿಗಿಯುತ್ತಿದೆ. ಮೇಲಿಂದ ಕೆಳಗೆ ಗೆರೆ ಎಳೆದ ಹಾಗೆ ಬಿದ್ದರೆ, ನಳಿಗೆ ಮಡಚುವ ರೈಫಲ್ ಆದರೆ ಅದರ ಕೀಲು ನೋಡಿ, ಆಮೇಲೆ ಕೆನ್ನೆ ಕೂರುವ ಜಾಗ ನೋಡಿ. ಅಡ್ಡಕ್ಕೆ ಹರಡಿದರೆ ರೈಫಲ್ ಓರೆಯಾಗುತ್ತಿದೆಯೇ ಎಂದು ನೋಡಿ. ಗುಂಪೇ ಇಲ್ಲ, ಎಲ್ಲೆಂದರಲ್ಲಿ ಬೀಳುತ್ತಿದೆ ಅಂದರೆ ಸೈಟ್ ಬಿಟ್ಟು ಮೊದಲು ಬೇರೆ ಪೆಲೆಟ್ ಹಾಕಿ ನೋಡಿ.

ಸೈಟ್ ಕೂತಿರುವ ಜಾಗ

ಹೆಚ್ಚಿನ ಪೀಪ್ ಸೈಟ್‌ಗಳು ರೈಫಲ್ ಬೆನ್ನಿನ ಮೇಲಿರುವ 11 ಮಿ.ಮೀ. ಅಗಲದ ರೇಲ್ ಮೇಲೆ ಕೂರುತ್ತವೆ. ಅದನ್ನು ಕಚ್ಚಿ ಹಿಡಿಯುವುದು ಸೈಟಿನ ಅಡಿಯ ಕ್ಲಾಂಪ್. ಆದರೆ 11 ಎನ್ನುವುದು ಹೆಸರಿಗೆ ಮಾತ್ರ. ಬೇರೆ ಬೇರೆ ರೈಫಲ್‌ಗಳಲ್ಲಿ ಅಗಲ ಒಂದಿಷ್ಟು ಜಾಸ್ತಿ ಕಡಿಮೆ ಇರುತ್ತದೆ, ಅಂಚಿನ ಇಳಿಜಾರೂ ಬೇರೆ ಇರುತ್ತದೆ. ಸ್ಕ್ರೂ ಪೂರ್ತಿ ಬಿಗಿ ಮಾಡಿದ ಮೇಲೂ ಕ್ಲಾಂಪ್ ಒಂದೇ ಅಂಚಿನಲ್ಲಿ ಕಚ್ಚಿರಬಹುದು. ಕೈಗೆ ಗಟ್ಟಿಯಾಗಿಯೇ ಅನಿಸುತ್ತದೆ, ಆದರೆ ಪೆಲೆಟ್ ಹೊಡೆದಾಗ ಸರಿಯುತ್ತದೆ. ಕ್ಲಾಂಪ್ ಮತ್ತು ರೇಲ್ ನಡುವೆ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಒಂದು ಪಕ್ಕ ಬೆಳಕು ನುಸುಳಿದರೆ ಕಾರಣ ಸಿಕ್ಕಿತು. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯ ಗೋಡೆ ಸುಮಾರು 0.1 ಮಿ.ಮೀ. ದಪ್ಪ. ಅದರ ಪಟ್ಟಿ ಕತ್ತರಿಸಿ ಸಂದಿಗೆ ಕೊಟ್ಟರೆ ಸದ್ಯಕ್ಕೆ ನಡೆಯುತ್ತದೆ. ಕೊನೆಯ ಉತ್ತರ ಸರಿಯಾದ ಕ್ಲಾಂಪ್ ಮಾತ್ರ. ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಲೇತ್ ಶಾಪ್‌ಗಳಲ್ಲಿ ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ. ಅಳತೆ ವರ್ನಿಯರ್ ಕ್ಯಾಲಿಪರ್‌ನಲ್ಲೇ ತೆಗೆಯಿರಿ, ಸ್ಕೇಲ್ ಇಟ್ಟು ಅಂದಾಜು ಮಾಡಬೇಡಿ. ಮುಂಬೈಯಲ್ಲಿರುವವರಿಗೆ ನಾಗದೇವಿ ಸ್ಟ್ರೀಟ್‌ನಲ್ಲಿ ಕ್ಯಾಲಿಪರ್, ಅಲೆನ್ ಕೀ, ಸಣ್ಣ ಲೆವೆಲ್ ಎಲ್ಲ ಒಂದೇ ಓಣಿಯಲ್ಲಿ ಸಿಗುತ್ತವೆ.

ಸರಿಯುತ್ತಿದೆಯೇ ಎಂದು ತಿಳಿಯಲು ದುಬಾರಿ ಉಪಕರಣ ಬೇಡ. ಕ್ಲಾಂಪ್ ಮತ್ತು ರೇಲ್ ಎರಡನ್ನೂ ಸೇರಿಸಿ ನೈಲ್ ಪಾಲಿಷ್‌ನ ಒಂದು ಸಣ್ಣ ಗೆರೆ ಎಳೆಯಿರಿ. ಮುಂದಿನ ಸೈಟಿಗೂ ಹಾಗೇ ಮಾಡಿ. ಒಂದು ಡಬ್ಬಿ ಪೆಲೆಟ್ ಮುಗಿಯುವ ಹೊತ್ತಿಗೆ ಗೆರೆ ಒಡೆದಿದ್ದರೆ ಸೈಟ್ ಸರಿದಿದೆ.

ಸ್ಪ್ರಿಂಗ್ ರೈಫಲ್‌ನಲ್ಲಿ ಇದು ಹೆಚ್ಚು. ಪಿಸ್ಟನ್ ಮುಂದಕ್ಕೆ ನುಗ್ಗುವಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ. ಪಿಸ್ಟನ್ ತಟ್ಟನೆ ನಿಂತಾಗ ರೈಫಲ್ ಮುಂದಕ್ಕೆ ಎಳೆಯುತ್ತದೆ. ಹೀಗೆ ಎರಡೂ ಕಡೆ ಜಗ್ಗಾಟ ಆಗುವುದರಿಂದ ಸ್ಕ್ರೂ ಒಂದೇ ಸಾಲದು. ಕ್ಲಾಂಪ್ ಅಡಿಯಿಂದ ರೇಲ್‌ನ ತೂತಿಗೆ ಇಳಿಯುವ ಸ್ಟಾಪ್ ಪಿನ್ ಇರುವ ಸೈಟನ್ನೇ ಆರಿಸಿ. ಕಾಂಪ್ರೆಸ್ಡ್ ಏರ್ ರೈಫಲ್‌ಗೆ ಈ ತೊಂದರೆ ಇಲ್ಲವೆಂದೇ ಹೇಳಬಹುದು.

ಇನ್ನೊಂದು ವಿಷಯ ಹೇಳಲೇಬೇಕು, ಯಾಕೆಂದರೆ ಕಲಿಯುವವರ ಕೈಯಲ್ಲಿ ಹೆಚ್ಚಾಗಿ ಇರುವುದು ನಳಿಗೆ ಮಡಚುವ ರೈಫಲ್. ಅದರ ಮೂಲ ಸೈಟ್‌ಗಳು ಎರಡೂ ನಳಿಗೆಯ ಮೇಲೇ ಇರುತ್ತವೆ. ಕೀಲಿನಲ್ಲಿ ಸ್ವಲ್ಪ ಆಟ ಇದ್ದರೂ ನಳಿಗೆ ಮತ್ತು ಸೈಟ್‌ಗಳು ಒಟ್ಟಿಗೇ ಅಲುಗುತ್ತವೆ, ಗುರಿ ಕೆಡುವುದಿಲ್ಲ. ಪೀಪ್ ಸೈಟ್ ಹಾಕಿದ ಕೂಡಲೇ ಹಿಂದಿನದು ಪಿಸ್ಟನ್ ಓಡುವ ಸಿಲಿಂಡರ್ ಮೇಲೆ, ಮುಂದಿನದು ನಳಿಗೆಯ ಮೇಲೆ ಆಯಿತು. ಅಲ್ಲಿವರೆಗೆ ಅಡಗಿದ್ದ ಕೀಲಿನ ಆಟ ಈಗ ಕಾರ್ಡ್ ಮೇಲೆ ಕಾಣುತ್ತದೆ. "ಹಳೇ ಸೈಟಿನಲ್ಲೇ ಚೆನ್ನಾಗಿ ಬೀಳ್ತಿತ್ತು" ಎನ್ನುವ ಮಾತು ಅನೇಕ ಸಲ ನಿಜ, ಮತ್ತು ಅದಕ್ಕೆ ಕಾರಣ ಇದೇ. ಸ್ಪ್ರಿಂಗ್ ಎಳೆಯದೆ, ಪೆಲೆಟ್ ಇಲ್ಲದೆ ನಳಿಗೆ ಮುಚ್ಚಿ, ಅದನ್ನು ಮೇಲೆ ಕೆಳಗೆ, ಅಕ್ಕಪಕ್ಕ ಮೆಲ್ಲಗೆ ಅಲ್ಲಾಡಿಸಿ. ಕೈಗೆ ಆಟ ಗೊತ್ತಾದರೆ ಕೀಲಿನ ಬೋಲ್ಟ್ ಬಿಗಿ ಮಾಡಿಸಿ. ಆಮೇಲೆ ಮಾತ್ರ ಸೈಟಿನ ಕೆಲಸ. ಸ್ಪ್ರಿಂಗ್ ರೈಫಲ್ ಅನ್ನು ಪೆಲೆಟ್ ಇಲ್ಲದೆ ಸುಮ್ನೆ ಹೊಡೆದು ಪರೀಕ್ಷಿಸಬೇಡಿ. ಎದುರು ಗಾಳಿಯ ಒತ್ತಡ ಇಲ್ಲದೆ ಪಿಸ್ಟನ್ ನೇರ ಬಡಿದು ಸೀಲ್ ಹಾಳಾಗುತ್ತದೆ.

ನಾಬ್ ಕೊನೆ ಮುಟ್ಟಿತು, ಪೆಲೆಟ್ ಇನ್ನೂ ಮೇಲೆ

ಅತಿ ಹೆಚ್ಚು ಕಾಡುವ ದೋಷ ಇದು. ಮೂಲ ಮುಂದಿನ ಸೈಟ್ ಗಿಡ್ಡ, ಹೊಸ ಪೀಪ್ ಸೈಟ್ ಎತ್ತರ. ಎರಡರ ಜೋಡಿ ಹೊಂದಿಲ್ಲ. ಇಷ್ಟೇ ವಿಷಯ.

ನೆನಪಿಡಬೇಕಾದ ನಿಯಮ ಚಿಕ್ಕದು. ಹಿಂದಿನ ಸೈಟನ್ನು ಪೆಲೆಟ್ ಹೋಗಬೇಕಾದ ಕಡೆಗೇ ಸರಿಸಬೇಕು. ಮುಂದಿನದನ್ನು ಅದರ ವಿರುದ್ಧ ದಿಕ್ಕಿಗೆ. ಪೆಲೆಟ್ ಕೆಳಗಿಳಿಯಬೇಕಾದರೆ ಹಿಂದಿನದು ಇಳಿಯಬೇಕು, ಇಲ್ಲವೇ ಮುಂದಿನದು ಏರಬೇಕು.

ಎಷ್ಟು ಏರಬೇಕು? ಇಲ್ಲಿ ಅಂದಾಜು ಬೇಡ, ಲೆಕ್ಕ ಸುಲಭ. ಎರಡು ಸೈಟ್‌ಗಳ ನಡುವಿನ ಅಂತರವನ್ನು ಟೇಪ್‌ನಲ್ಲಿ ಮಿ.ಮೀ. ಲೆಕ್ಕದಲ್ಲಿ ಅಳೆಯಿರಿ. ಕಾರ್ಡ್ ಮೇಲೆ ಗುಂಪು ಎಷ್ಟು ಮಿ.ಮೀ. ತಪ್ಪಿದೆ ಎಂದು ಅಳೆಯಿರಿ. ಎರಡನ್ನೂ ಗುಣಿಸಿ 10,000ದಿಂದ ಭಾಗಿಸಿ, ಯಾಕೆಂದರೆ 10 ಮೀಟರ್ ಅಂದರೆ 10,000 ಮಿ.ಮೀ. ಬಂದ ಉತ್ತರವೇ ಸೈಟ್ ಬದಲಾಗಬೇಕಾದ ಎತ್ತರ. ಐವತ್ತು ಮೀಟರ್ ಸ್ಮಾಲ್‌ಬೋರ್‌ಗೂ ಇದೇ ಲೆಕ್ಕ, ಅಲ್ಲಿ 50,000ದಿಂದ ಭಾಗಿಸಿದರೆ ಆಯಿತು.

ಆದರೆ ಅಳೆಯುವ ಮುಂಚೆ ಒಂದು ಕೆಲಸ. ಹಿಂದಿನ ಸೈಟನ್ನು ಪೂರ್ತಿ ಕೆಳಗಿಳಿಸಿ, ಅಲ್ಲಿಂದ ಪೂರ್ತಿ ಮೇಲಕ್ಕೆ ಎಷ್ಟು ಸುತ್ತು ಎಂದು ಎಣಿಸಿ, ಅರ್ಧಕ್ಕೆ ವಾಪಸ್ ತನ್ನಿ. ಈ ನಡುಜಾಗದಲ್ಲೇ ಗುಂಪು ಹೊಡೆಯಿರಿ. ಅನೇಕರು ಹಿಂದಿನದನ್ನು ತಳದಲ್ಲೇ ಬಿಟ್ಟು ಲೆಕ್ಕ ಹಾಕುತ್ತಾರೆ. ಮುಂದಿನದು ಅದಕ್ಕೆ ಹೊಂದುತ್ತದೆ, ಆದರೆ ನಾಳೆ ಬೇರೆ ಪೆಲೆಟ್ ಹಾಕಿದಾಗ ಇನ್ನೊಂದಿಷ್ಟು ಇಳಿಸಬೇಕೆಂದರೆ ಜಾಗವೇ ಉಳಿದಿರುವುದಿಲ್ಲ.

ಒಂದು ಉದಾಹರಣೆ ನೋಡೋಣ. ಸೈಟ್‌ಗಳ ನಡುವೆ 720 ಮಿ.ಮೀ. ಹಿಂದಿನದು ನಡುಜಾಗದಲ್ಲಿದೆ, ಗುಂಪು 45 ಮಿ.ಮೀ. ಮೇಲೆ ಬಿದ್ದಿದೆ. 45 ಗುಣಿಸು 720, ಭಾಗಿಸು 10,000. ಉತ್ತರ 3.24. ಅಂದರೆ ಮುಂದಿನ ಸೈಟ್ ಮೂರು ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಏರಬೇಕು. ಮೂರು ಮಿ.ಮೀ. ರೈಸರ್ (ಸೈಟ್ ಅಡಿಗೆ ಕೊಟ್ಟು ಎತ್ತರಿಸುವ ತುಂಡು) ಹಾಕಿ, ಉಳಿದದ್ದನ್ನು ನಾಬ್‌ನ ಕ್ಲಿಕ್‌ನಲ್ಲಿ ತೆಗೆಯಿರಿ. ಕಾರ್ಡ್ ಮೇಲೆ 45 ಮಿ.ಮೀ. ಎಂದು ಕಂಡ ದೊಡ್ಡ ತಪ್ಪು ಸೈಟಿನಲ್ಲಿ ಬರೀ ಮೂರು ಮಿ.ಮೀ. ಕಾರ್ಡ್ ಮೇಲಿನ ಒಂದು ರಿಂಗ್ ಅಂದರೆ 2.5 ಮಿ.ಮೀ., ಇದೇ ರೈಫಲ್‌ನಲ್ಲಿ ಅದು 0.18 ಮಿ.ಮೀ. ಆಗುತ್ತದೆ. ಸಡಿಲ ಕ್ಲಾಂಪ್ ಅಷ್ಟು ಸರಿದರೆ ಕಣ್ಣಿಗೆ ಕಾಣಿಸುವುದೇ ಇಲ್ಲ, ಅಲ್ವಾ? ಅದಕ್ಕೇ ಕ್ಲಾಂಪ್ ಮೊದಲು, ಎತ್ತರ ಆಮೇಲೆ.

ತದ್ವಿರುದ್ಧ ದೋಷವೂ ಉಂಟು. ನಾಬ್ ಮೇಲಿನ ಕೊನೆ ಮುಟ್ಟಿದರೂ ಪೆಲೆಟ್ ಕೆಳಗೇ ಬೀಳುವುದು. ಮಡಚುವ ನಳಿಗೆ ಎಷ್ಟೋ ಸಲ ಸಿಲಿಂಡರ್‌ಗೆ ಹೋಲಿಸಿದರೆ ಒಂದಿಷ್ಟು ಕೆಳಕ್ಕೆ ಬಾಗಿರುತ್ತದೆ. ಮೂಲ ಸೈಟ್‌ಗಳಲ್ಲಿ ಇದು ಗೊತ್ತಾಗುವುದಿಲ್ಲ. ಆಗ ಹಿಂದಿನ ಸೈಟ್ ಅಡಿಗೆ ರೈಸರ್ ಬೇಕು, ಲೆಕ್ಕ ಅದೇ. ನಳಿಗೆ ಬಗ್ಗಿಸಿ ಸರಿ ಮಾಡುತ್ತೇನೆ ಎನ್ನುವವರ ಕೈಗೆ ರೈಫಲ್ ಕೊಡಬೇಡಿ.

ಎರಡೂ ಸೈಟ್ ಸಮನಾಗಿ ಏರಿಸಿದರೆ ಪೆಲೆಟ್ ಬೀಳುವ ಜಾಗ ಹೆಚ್ಚೇನೂ ಬದಲಾಗುವುದಿಲ್ಲ, ಆದರೆ ತಲೆ ನೆಟ್ಟಗೆ ಇಡಲು ಅನುಕೂಲ. ಉದ್ದ ಕತ್ತಿನ ಮಕ್ಕಳಿಗೆ ಇದು ನಿಜಕ್ಕೂ ಬೇಕು. ತಲೆ ಬಗ್ಗಿಸಿ ಹುಬ್ಬಿನ ಅಡಿಯಿಂದ ನೋಡುವ ಮಗುವಿಗೆ ಎಷ್ಟೇ ಹೇಳಿದರೂ ಸ್ಥಿರತೆ ಬರುವುದಿಲ್ಲ.

ಸ್ಪರ್ಧೆಗೆ ಹೋಗುವವರಿಗೆ ಒಂದು ಎಚ್ಚರಿಕೆ: ಮುಂದಿನ ಸೈಟ್ ನಳಿಗೆಯ ಬಾಯಿಯನ್ನು ದಾಟಿ ಮುಂದೆ ಬರಬಾರದು. ಅಂತರ ಹೆಚ್ಚಿಸುವ ಆಸೆಗೆ ಹಾಗೆ ಮಾಡಿದರೆ ಉಪಕರಣ ತಪಾಸಣೆಯಲ್ಲೇ ನಿಲ್ಲಿಸುತ್ತಾರೆ.

ಎಡ ಬಲ ಮುಗಿದುಹೋಗುತ್ತಿದ್ದರೆ

ಇಲ್ಲಿ ಸಂಶಯ ಮುಂದಿನ ಸೈಟಿನ ಮೇಲೆ. ಅದರ ಟನಲ್, ಅಂದರೆ ರಿಂಗ್ ಕೂರುವ ಗಿಡ್ಡ ಕೊಳವೆ, ನಳಿಗೆಯ ಮೇಲೆ ನೆಟ್ಟಗೆ ಕೂರದೆ ಒಂದು ಕಡೆ ವಾಲಿರುತ್ತದೆ. ಒಳಗಿನ ರಿಂಗ್ ದುಂಡಗಿರುವುದರಿಂದ ವಾಲಿದ್ದು ನೋಡುವಾಗ ಗೊತ್ತಾಗುವುದಿಲ್ಲ. ಟನಲ್‌ನ ನಡು ನಳಿಗೆಯ ನಡುವಿನಿಂದ 20 ಮಿ.ಮೀ. ಮೇಲಿದ್ದು, ಅದು ಮೂರು ಡಿಗ್ರಿ ವಾಲಿದರೆ ನಡು ಒಂದು ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. ಮೇಲಿನ ರೈಫಲ್‌ನಲ್ಲೇ ಅದು ಕಾರ್ಡ್ ಮೇಲೆ ಹತ್ತಿರ ಹತ್ತಿರ 14 ಮಿ.ಮೀ. ಆಗುತ್ತದೆ. ಅಡ್ಡಪಟ್ಟಿ ಇರುವ ಇನ್ಸರ್ಟ್ (ಟನಲ್ ಒಳಗೆ ಕೂರುವ, ಬದಲಿಸಬಹುದಾದ ರಿಂಗ್ ಬಿಲ್ಲೆ) ಹಾಕಿ, ಹಿಂದಿನ ರೇಲ್ ಮೇಲೆ ಸಣ್ಣ ಲೆವೆಲ್ ಇಟ್ಟು ರೈಫಲ್ ಸಮ ಮಾಡಿ, ಪಟ್ಟಿ ಅಡ್ಡಕ್ಕೆ ಸಮ ಇದೆಯೇ ನೋಡಿ. ಇಲ್ಲದಿದ್ದರೆ ಮುಂದಿನ ಕ್ಲಾಂಪ್ ಸಡಿಲಿಸಿ ತಿರುಗಿಸಿ, ಮತ್ತೆ ಬಿಗಿ ಮಾಡಿ.

ಹಿಂದಿನ ಸೈಟೇ ವಾಲಿದ್ದರೆ ಲಕ್ಷಣ ಬೇರೆ. ಎತ್ತರದ ನಾಬ್ ಮಾತ್ರ ತಿರುಗಿಸಿದಾಗಲೂ ಪೆಲೆಟ್ ಓರೆಯಾಗಿ ಏರುತ್ತದೆ.

ರೈಫಲ್ ಹಿಡಿಯುವಾಗಲೇ ಪ್ರತಿ ಸಲ ಬೇರೆ ಬೇರೆ ಓರೆ ಆಗುವುದು ಇನ್ನೊಂದು ಕಾರಣ. ಸೆಕೆಂಡಿಗೆ 170 ಮೀಟರ್ ಆಸುಪಾಸು ವೇಗದ ಪೆಲೆಟ್ 10 ಮೀಟರ್ ಹೋಗುವಷ್ಟರಲ್ಲಿ ಸುಮಾರು 17 ಮಿ.ಮೀ. ಬೀಳುತ್ತದೆ. ಅದಕ್ಕಾಗಿ ನಳಿಗೆ ಅಷ್ಟು ಮೇಲಕ್ಕೆ ನೋಡುತ್ತಿರುತ್ತದೆ. ರೈಫಲ್ ಓರೆಯಾದರೆ ಆ ಮೇಲ್ಮುಖ ಪಕ್ಕಕ್ಕೆ ತಿರುಗುತ್ತದೆ. ಐದು ಡಿಗ್ರಿ ಓರೆಗೆ ಸುಮಾರು 1.5 ಮಿ.ಮೀ. ಪಕ್ಕಕ್ಕೆ. ಕಡಿಮೆ ಅನಿಸಬಹುದು. ಆದರೆ ದಶಮಾಂಶ ಲೆಕ್ಕದಲ್ಲಿ ಪ್ರತಿ 0.1 ಅಂಕಕ್ಕೆ 0.25 ಮಿ.ಮೀ. ಮಾತ್ರ. 1.5 ಮಿ.ಮೀ. ಅಂದರೆ 0.6 ಅಂಕ ಹೋಯಿತು. ಅರುವತ್ತು ಹೊಡೆತದ ಪಂದ್ಯದಲ್ಲಿ ಇದು ಪದೇ ಪದೇ ಆದರೆ ಏನಾಗುತ್ತದೆ ನೀವೇ ಲೆಕ್ಕ ಹಾಕಿ. ಒಂದೇ ಓರೆಯನ್ನು ಪ್ರತಿ ಸಲ ಇಟ್ಟುಕೊಂಡರೆ ತೊಂದರೆ ಇಲ್ಲ, ಸೈಟ್ ಅದಕ್ಕೇ ಹೊಂದಿಸಬಹುದು. ಬದಲಾಗುತ್ತಿದ್ದರೆ ಮಾತ್ರ ತೊಂದರೆ.

ರಿಂಗ್ ಮತ್ತು ತೂತು

ಗುಂಪು ದೊಡ್ಡದು, ಸಡಿಲ ಏನೂ ಇಲ್ಲ, ಮಗು ಮಾತ್ರ "ಕಪ್ಪು ಓಡಾಡ್ತಿದೆ, ಮಂಜಾಗ್ತಿದೆ" ಎನ್ನುತ್ತಿದೆ. ಆಗ ಮುಂದಿನ ರಿಂಗ್ ಚಿಕ್ಕದಾಗಿರುವ ಸಾಧ್ಯತೆ ಹೆಚ್ಚು. ಟಾರ್ಗೆಟ್‌ನ ಕಪ್ಪು ಭಾಗ 30.5 ಮಿ.ಮೀ. ಕಣ್ಣಿನಿಂದ ಮುಂದಿನ ಸೈಟ್ 850 ಮಿ.ಮೀ. ದೂರ ಇದ್ದರೆ ಅಲ್ಲಿ ಆ ಕಪ್ಪು ಸುಮಾರು 2.6 ಮಿ.ಮೀ. ಆಗಿ ಕಾಣುತ್ತದೆ. ರಿಂಗ್ 2.8 ಇದ್ದರೆ ಸುತ್ತ ಬಿಳಿ ಉಳಿಯುವುದು 0.1 ಮಿ.ಮೀ. ಮಾತ್ರ. ಕಣ್ಣು ಆ ಕೂದಲೆಳೆಯನ್ನು ಹುಡುಕುತ್ತಾ ದಣಿಯುತ್ತದೆ, ಹೊಡೆಯಲು ತಡವಾಗುತ್ತದೆ. ನಾನು ಕಲಿಯುವವರಿಗೆ 3.6ರಿಂದ 4.0 ನಡುವಿನ ರಿಂಗ್ ಹಾಕಿ ಎನ್ನುತ್ತೇನೆ. ಸುತ್ತ ಧಾರಾಳ ಬಿಳಿ ಇರಲಿ. ಚಿಕ್ಕ ರಿಂಗ್ ಹೆಚ್ಚು ನಿಖರ ಎನ್ನುವ ನಂಬಿಕೆ ಬಹಳ ಇದೆ, ನಿಲುವು ಗಟ್ಟಿಯಾಗುವ ತನಕ ಅದು ಉಲ್ಟಾ ಹೊಡೆಯುತ್ತದೆ. ಕೊಳ್ಳುವಾಗ ಟನಲ್ 18 ಮಿ.ಮೀ.ದೋ 22 ಮಿ.ಮೀ.ದೋ ನೋಡಿಕೊಳ್ಳಿ. ಒಂದರ ಇನ್ಸರ್ಟ್ ಇನ್ನೊಂದಕ್ಕೆ ಕೂರುವುದಿಲ್ಲ.

ಹಿಂದಿನ ತೂತು 1.0ರಿಂದ 1.2 ಮಿ.ಮೀ.ಯಲ್ಲಿ ಶುರು ಮಾಡಿ. ತೀರಾ ಚಿಕ್ಕದಾದರೆ ಕತ್ತಲು, ತೀರಾ ದೊಡ್ಡದಾದರೆ ಟಾರ್ಗೆಟ್ ಮಸುಕು. ತೂತಿನ ಒಳಗೆ ಮುಂದಿನ ಟನಲ್ ಪೂರ್ತಿ ಕಾಣಬೇಕು, ಅದರ ಸುತ್ತ ಎಲ್ಲ ಕಡೆ ಒಂದೇ ದಪ್ಪದ ತೆಳು ಬಿಳಿ ಇರಬೇಕು. ಒಂದು ಪಕ್ಕ ಬಿಳಿ ಜಾಸ್ತಿ ಇದ್ದರೆ ಕೆನ್ನೆಪಟ್ಟಿ ಸರಿ ಮಾಡಿ, ಕತ್ತು ತಿರುಗಿಸಿ ಹೊಂದಿಸಿಕೊಳ್ಳಬೇಡಿ. ಬಿಳಿ ತೀರಾ ಅಗಲ ಕಂಡರೆ ಕಣ್ಣು ಸೈಟಿಗೆ ಹತ್ತಿರ ಹೋಗಿದೆ, ಟನಲ್ ಅಂಚು ಕತ್ತರಿಸಿದ ಹಾಗೆ ಕಂಡರೆ ದೂರ ಇದೆ. ಸೈಟನ್ನು ರೇಲ್ ಮೇಲೆ ಹಿಂದೆ ಮುಂದೆ ಮಾಡಿ.

ಮನೆಯ ಟೆರೇಸಿನಲ್ಲಿ ಅಭ್ಯಾಸ ಮಾಡುವವರು ಟಾರ್ಗೆಟ್ ಮೇಲೆ ಚೆನ್ನಾಗಿ ಬೆಳಕು ಬಿಡಿ. ಪಂದ್ಯದ ರೇಂಜ್‌ಗಳಲ್ಲಿ ಟಾರ್ಗೆಟ್‌ಗೆ ಕನಿಷ್ಠ 1500 ಲಕ್ಸ್ ಬೆಳಕು ಇರುತ್ತದೆ. ಒಂದು ಬಲ್ಬಿನ ಮಬ್ಬಿನಲ್ಲಿ ಹೊಂದಿಸಿದ ತೂತು ಅಲ್ಲಿ ಸರಿ ಹೋಗುವುದಿಲ್ಲ.

ಕಣ್ಣು

ಗುರಿ ಇಡದ ಕಣ್ಣನ್ನು ಮುಚ್ಚಿಸಬೇಡಿ. ಒಂದು ಕಣ್ಣು ಬಿಗಿಯಾಗಿ ಮುಚ್ಚಿದರೆ ಇನ್ನೊಂದೂ ದಣಿಯುತ್ತದೆ. ಅದರ ಮುಂದೆ ಬಿಳಿ ಪಟ್ಟಿ ಸಾಕು, ಅಗಲ 30 ಮಿ.ಮೀ. ಮೀರದಿರಲಿ.

ಕನ್ನಡಕ ಹಾಕುವ ಮಕ್ಕಳು ಕತ್ತು ಬಗ್ಗಿಸಿದಾಗ ಗಾಜಿನ ಮೂಲೆಯಿಂದ ನೋಡುತ್ತಾರೆ. ಮೂಲೆಯಲ್ಲಿ ಚಿತ್ರ ಸರಿಯುತ್ತದೆ, ಮಸುಕಾಗುತ್ತದೆ. ಇದನ್ನು ಸೈಟಿನ ದೋಷ ಎಂದುಕೊಂಡು ತಿಂಗಳುಗಟ್ಟಲೆ ಕ್ಲಿಕ್ ಮಾಡುವವರಿದ್ದಾರೆ. ಶೂಟಿಂಗ್ ಫ್ರೇಮ್ ಇದ್ದರೆ ಗಾಜನ್ನು ಕಣ್ಣಿನ ನೇರಕ್ಕೆ ತಿರುಗಿಸಬಹುದು. ಕಣ್ಣಿನ ಡಾಕ್ಟರ ಬಳಿ ಹೋಗುವಾಗ ಮುಂದಿನ ಸೈಟ್ ಎಷ್ಟು ದೂರದಲ್ಲಿದೆ ಎಂದು ಅಳೆದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ದೂರದ ನಂಬರ್‌ಗೆ ಪ್ಲಸ್ 0.25 ಅಥವಾ 0.5 ಸೇರಿಸಿ ನೋಡಿದಾಗ ರಿಂಗ್ ಥಟ್ಟನೆ ಸ್ಪಷ್ಟವಾಗುವುದು ಉಂಟು. ನಲವತ್ತು ದಾಟಿದವರಿಗೆ ಇದು ಇನ್ನೂ ಮುಖ್ಯ.

ಇಷ್ಟಾದ ಮೇಲೆ ನಾಬ್

ನಾಬ್ ಮೇಲಿನ ಬಾಣದ ಗುರುತನ್ನು ಕುರುಡಾಗಿ ನಂಬಬೇಡಿ. ಜರ್ಮನ್ ಸೈಟ್‌ಗಳಲ್ಲಿ ಇರುವ ಎಚ್ ಅಂದರೆ ಮೇಲೆ, ಟಿ ಅಂದರೆ ಕೆಳಗೆ. ಆದರೆ ಕೆಲವು ತಯಾರಕರು ಪೆಲೆಟ್ ಎಲ್ಲಿ ಬಿದ್ದಿದೆ ಎಂಬ ಲೆಕ್ಕದಲ್ಲಿ ಬರೆಯುತ್ತಾರೆ, ಕೆಲವರು ಎಲ್ಲಿಗೆ ಹೋಗಬೇಕು ಎಂಬ ಲೆಕ್ಕದಲ್ಲಿ. ಹತ್ತು ಕ್ಲಿಕ್ ತಿರುಗಿಸಿ, ಮೂರು ಹೊಡೆದು ನೋಡಿ. ದಿಕ್ಕೂ ತಿಳಿಯುತ್ತದೆ, ಒಂದು ಕ್ಲಿಕ್‌ಗೆ ಎಷ್ಟು ಮಿ.ಮೀ. ಎಂಬುದೂ ಸಿಗುತ್ತದೆ.

ಸೈಟ್ ನಿಜವಾಗಿ ಸವೆದಿದೆಯೇ ಎಂದು ತಿಳಿಯಲು ಚೌಕ ಪರೀಕ್ಷೆ ಮಾಡಿ. ಚೀಲದ ಮೇಲೆ ಮೂರು ಹೊಡೆತ. ಇಪ್ಪತ್ತು ಕ್ಲಿಕ್ ಮೇಲೆ, ಮೂರು ಹೊಡೆತ. ಇಪ್ಪತ್ತು ಬಲಕ್ಕೆ, ಮೂರು. ಇಪ್ಪತ್ತು ಕೆಳಕ್ಕೆ, ಮೂರು. ಇಪ್ಪತ್ತು ಎಡಕ್ಕೆ, ಮೂರು. ಕೊನೆಯ ಗುಂಪು ಮೊದಲ ಗುಂಪಿನ ಮೇಲೇ ಬಿದ್ದರೆ ಸೈಟ್ ಚೆನ್ನಾಗಿದೆ. ಬೀಳದಿದ್ದರೆ ಒಳಗಿನ ಸ್ಕ್ರೂನಲ್ಲಿ ಆಟ ಇದೆ. ಯಾವಾಗಲೂ ಒಂದೇ ದಿಕ್ಕಿನಿಂದ ಬಂದು ನಿಲ್ಲಿಸಿದರೆ, ಅಂದರೆ ಬೇಕಾದ್ದಕ್ಕಿಂತ ಐದು ಕ್ಲಿಕ್ ದಾಟಿ ವಾಪಸ್ ಬಂದರೆ, ಸ್ವಲ್ಪ ಆಟ ಇದ್ದರೂ ಕೆಲಸ ನಡೆಯುತ್ತದೆ. ಅದಕ್ಕೂ ಬಗ್ಗದಿದ್ದರೆ ಆಗ ಮಾತ್ರ ರಿಪೇರಿ ಅಥವಾ ಹೊಸದು.

ಮುಂಬೈ ಮತ್ತು ಗೋವಾದವರು ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಚೌಕ ಪರೀಕ್ಷೆಯನ್ನು ಪದೇ ಪದೇ ಮಾಡಬೇಕು. ವರ್ಲಿಯಂಥ ಸಮುದ್ರದ ಪಕ್ಕದ ಗಾಳಿಯಲ್ಲಿ ಉಪ್ಪು, ತೇವ ಎರಡೂ ಇರುತ್ತವೆ. ಸಣ್ಣ ಸ್ಪ್ರಿಂಗ್ ತುಕ್ಕು ಹಿಡಿದು ಕ್ಲಿಕ್ ಸದ್ದು ಮಂದವಾಗುತ್ತದೆ. ರೈಫಲ್ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಿ, ಫೋಮ್ ಒದ್ದೆಯಾಗಿದ್ದರೆ ಒಣಗಿಸದೆ ಮುಚ್ಚಬೇಡಿ. ಹೊರಗಿನ ಉಕ್ಕಿಗೆ ಎಣ್ಣೆ ಬಟ್ಟೆ ಸವರಿದರೆ ಸಾಕು, ನಾಬ್ ಒಳಗೆ ಎಣ್ಣೆ ಸುರಿಯಬೇಡಿ. ಕ್ಲಾಂಪ್ ಸ್ಕ್ರೂ ಪದೇ ಪದೇ ಸಡಿಲವಾದರೆ ನೀಲಿ ಬಣ್ಣದ, ಬಿಚ್ಚಲು ಬರುವ ಥ್ರೆಡ್ ಲಾಕರ್ ಒಂದು ಹನಿ ಹಾಕಿ.

ಎಲ್ಲ ಹೊಂದಿದ ದಿನ ಎರಡೂ ನಾಬ್ ಪೂರ್ತಿ ತಳದಿಂದ ಎಷ್ಟು ಸುತ್ತು, ಎಷ್ಟು ಕ್ಲಿಕ್ ಎಂದು ಪುಸ್ತಕದಲ್ಲಿ ಬರೆದಿಡಿ. ರಿಂಗ್ ಸೈಜ್, ತೂತಿನ ಸೈಜ್, ಪೆಲೆಟ್ ಹೆಸರು, ರೇಲ್ ಮೇಲೆ ಕ್ಲಾಂಪ್ ಇರುವ ಜಾಗ, ಎಲ್ಲವೂ ಜೊತೆಗಿರಲಿ. 2008ರ ಬೀಜಿಂಗ್ ಒಲಿಂಪಿಕ್ಸ್ ಫೈನಲ್‌ಗೆ ಮುಂಚಿನ ಅಭ್ಯಾಸದ ಹೊಡೆತದಲ್ಲೇ ತಮ್ಮ ಸೈಟ್ ಮೊದಲಿನಂತಿಲ್ಲ ಎಂದು ಅಭಿನವ್ ಬಿಂದ್ರಾ ಅವರಿಗೆ ತಿಳಿಯಿತು. ಇದ್ದ ಸಮಯದಲ್ಲೇ ಸರಿ ಮಾಡಿಕೊಂಡು 700.5 ಅಂಕಕ್ಕೆ ಚಿನ್ನ ಗೆದ್ದರು. ಅಭ್ಯಾಸದ ಹೊಡೆತ ಇರುವುದೇ ಇದಕ್ಕೆ. ರೇಂಜ್ ತಲುಪಿದ ಕೂಡಲೇ ಪುಸ್ತಕ ತೆರೆದು ನಾಬ್‌ನ ಅಂಕಿ ಹೊಂದುತ್ತದೆಯೇ, ನೈಲ್ ಪಾಲಿಷ್ ಗೆರೆ ಒಡೆದಿಲ್ಲವೇ ಎಂದು ನೋಡಿ, ಆಮೇಲೆ ಮೊದಲ ಪೆಲೆಟ್ ಹಾಕಿ.